ಕೊಲಂಬಿಯಾ ಒಡೆದದ್ದು ಓಝೋನ್ ಕಾನೂನಿನಿಂದಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಫ್ರಿಜ್, ಎಸಿ ರಿಪೇರಿ ಮಾಡುತ್ತೇನೆ ಸರ್. ಆರ್-12 ಗ್ಯಾಸ್ ಇದ್ದ ಕಾಲದಿಂದ ಇದೇ ಕೆಲಸ. ಓಝೋನ್ ಹಾಳಾಗುತ್ತದೆ ಅಂತ ಅದನ್ನು ನಿಲ್ಲಿಸಿದರು. ಈಗಿನ ಆರ್-600ಎ ಬೆಂಕಿ ಹತ್ತುವ ಗ್ಯಾಸ್. ಬ್ರೇಜಿಂಗ್ ಮಾಡುವಾಗ, ಅಂದರೆ ಟಾರ್ಚ್ ಬೆಂಕಿಯಿಂದ ಪೈಪ್ ಬೆಸೆಯುವಾಗ, ಜೀವ ಕೈಯಲ್ಲಿ ಹಿಡಿದುಕೊಂಡಿರಬೇಕು. ಮೊನ್ನೆ ಮಗಳು ಒಂದು ವಿಡಿಯೋ ತೋರಿಸಿದಳು. ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆಯ ಕಥೆಯೂ ಇದೇ ಅಂತೆ. ಪರಿಸರದ ಕಾನೂನಿಗಾಗಿ ಟ್ಯಾಂಕಿನ ಫೋಮ್ ಬದಲಿಸಿದರು, ಹೊಸ ಫೋಮ್ ಕಿತ್ತು ಬಡಿಯಿತು, 7 ಜನ ಹೋದರು ಅಂತ ಅದರಲ್ಲಿದೆ. ಇದು ಖರೇನಾ? ಮನುಷ್ಯರು ಕೂರುವ ನೌಕೆಯಲ್ಲಾದರೂ ಪರಿಸರದ ಮಾತು ಬದಿಗಿಡಬಾರದಾ?

ಉತ್ತರ: ಖರೆ ಅಲ್ಲ. ಆದರೆ ವಿಡಿಯೋದವರು ಸುಮ್ನೆ ಕಟ್ಟಿದ ಕಥೆಯೂ ಅಲ್ಲ. 1997ರಲ್ಲಿ ನಡೆದದ್ದನ್ನು ತಂದು 2003ರ ಅಪಘಾತಕ್ಕೆ ಅಂಟಿಸಿದ್ದಾರೆ.

ಹಳೇ ಫ್ರಿಜ್ಜಿನ ಬಾಡಿ ಬಿಚ್ಚಿದರೆ ಒಳಗೆ ಹಳದಿ ಪಫ್ ಸಿಗುತ್ತದೆ, ಅಲ್ವಾ? ನೌಕೆಯ ಹೊರ ಟ್ಯಾಂಕಿನ ಮೇಲೆ ಇದ್ದದ್ದೂ ಹೆಚ್ಚುಕಡಿಮೆ ಅದೇ ಜಾತಿಯ ಫೋಮ್. ಟ್ಯಾಂಕಿನೊಳಗೆ ಮೈನಸ್ 253 ಡಿಗ್ರಿಯ ದ್ರವ ಹೈಡ್ರೋಜನ್, ಮೈನಸ್ 183 ಡಿಗ್ರಿಯ ದ್ರವ ಆಕ್ಸಿಜನ್. ಫೋಮ್ ಇಲ್ಲದಿದ್ದರೆ ಹೊರಮೈಗೆ ಐಸ್ ಕಟ್ಟುತ್ತದೆ. ಆ ಫೋಮ್ ಉಬ್ಬಿಸಲು ಓಝೋನ್ ಹಾಳುಮಾಡುವ ಸಿಎಫ್‌ಸಿ-11 ಗ್ಯಾಸ್ ಬಳಸುತ್ತಿದ್ದರು. ನಿಮ್ಮ ಹಳೇ ಫ್ರಿಜ್ಜುಗಳ ಪಫ್‌ನಲ್ಲಿ ಇದ್ದದ್ದೂ ಅದೇ. ಓಝೋನ್ ಉಳಿಸುವ 1987ರ ಮಾಂಟ್ರಿಯಲ್ ಒಪ್ಪಂದ ಬಂದ ಮೇಲೆ, 90ರ ದಶಕದಲ್ಲಿ ನಾಸಾ ಟ್ಯಾಂಕಿನ ಬಹುಭಾಗಕ್ಕೆ ಓಝೋನಿಗೆ ಕಡಿಮೆ ಹಾನಿಯ ಎಚ್‌ಸಿಎಫ್‌ಸಿ-141ಬಿಯಿಂದ ಉಬ್ಬಿಸಿದ ಫೋಮ್ ತಂದಿತು.

ಇಲ್ಲಿಂದ ಮುಂದೆ ವಿಡಿಯೋ ದಾರಿ ತಪ್ಪಿದೆ. 2003ರ ಜನವರಿ 16ರಂದು ಕೊಲಂಬಿಯಾ ಮೇಲೇರಿತು. ಸುಮಾರು 82 ಸೆಕೆಂಡಿಗೆ ಒಂದು ಫೋಮ್ ತುಂಡು ಕಿತ್ತು ಎಡ ರೆಕ್ಕೆಯ ಮುಂಚೂಣಿಗೆ ಬಡಿಯಿತು. ತೂಕ ಮುಕ್ಕಾಲು ಕಿಲೋ ಅಷ್ಟೇ. ಫೆಬ್ರವರಿ 1ರಂದು ವಾಪಸ್ ಬರುವಾಗ ಆ ಜಾಗದಿಂದ ಬಿಸಿ ಗಾಳಿ ಒಳನುಗ್ಗಿ ನೌಕೆ ಒಡೆಯಿತು. ತುಂಡು ಬಂದದ್ದು ಎಲ್ಲಿಂದ? ನೌಕೆಯ ಮೂತಿಯನ್ನು ಟ್ಯಾಂಕಿಗೆ ಸೇರಿಸುವ ಕಂಬಿಗಳ ಬುಡದಿಂದ. ಅಲ್ಲಿ ಫೋಮನ್ನು ಕೈಯಿಂದ ಸ್ಪ್ರೇ ಮಾಡಿ, ಕೆತ್ತಿ, ದಿಣ್ಣೆಯ ಆಕಾರ ಕೊಡುತ್ತಿದ್ದರು. ಆ ಫೋಮಿನ ಹೆಸರು ಬಿಎಕ್ಸ್-250. ಅದು ಹಳೇ ಫೋಮ್. ಸಿಎಫ್‌ಸಿ-11ರದ್ದೇ! ಅದನ್ನು ಬಳಸಲು ಅಮೆರಿಕದ ಪರಿಸರ ಇಲಾಖೆಯೇ ವಿನಾಯಿತಿ ಕೊಟ್ಟಿತ್ತು. ಅಂದರೆ ನೀವು ಕೇಳಿದಂತೆ ಆ ಜಾಗದಲ್ಲಿ ಪರಿಸರವನ್ನು ಬದಿಗಿಟ್ಟೇ ಇದ್ದರು.

ಹಾಗಾದರೆ ತಪ್ಪು ಎಲ್ಲಿ? ಅದಕ್ಕೂ ಮೊದಲು ಕನಿಷ್ಠ 6 ಸಲ ಅದೇ ಎಡ ದಿಣ್ಣೆ ಕಿತ್ತು ಹೋಗಿತ್ತು. ಕೊನೆಯದು 2002ರ ಅಕ್ಟೋಬರಿನಲ್ಲಿ, ಬರೀ ಮೂರು ತಿಂಗಳ ಹಿಂದೆ. ಪ್ರತಿ ಸಲ ನೌಕೆ ಕ್ಷೇಮವಾಗಿ ಇಳಿಯಿತು. ಫೋಮ್ ಉದುರೋದು ಮಾಮೂಲಿ ಅಂದುಕೊಂಡರು. ಕೊಲಂಬಿಯಾ ಇನ್ನೂ ಮೇಲೆ ಸುತ್ತುತ್ತಿದ್ದಾಗ, ಉಪಗ್ರಹದಿಂದ ರೆಕ್ಕೆಯ ಫೋಟೋ ತೆಗೆಸಿ ಅಂತ ಎಂಜಿನಿಯರುಗಳು ಕೇಳಿದ್ದರು. ತೆಗೆಸಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಅದೇ ವರ್ಷ ಜುಲೈನಲ್ಲಿ ತನಿಖೆಯವರು ಅಂಥದ್ದೇ ಫೋಮ್ ತುಂಡನ್ನು ಗನ್ನಿನಿಂದ ರೆಕ್ಕೆಯ ಪ್ಯಾನೆಲ್ಲಿಗೆ ಹೊಡೆದು ನೋಡಿದರು. ಸುಮಾರು 40 ಸೆಂಟಿಮೀಟರ್ ಅಗಲದ ತೂತು ಬಿತ್ತು.

ಈಗ ನಿಜವಾದ ಭಾಗ. 1997ರ ನವೆಂಬರಿನಲ್ಲಿ ಕೊಲಂಬಿಯಾದಲ್ಲೇ ಕಲ್ಪನಾ ಚಾವ್ಲಾ ಮೊದಲ ಸಲ ಹೋಗಿದ್ದರು. ಇಳಿದ ಮೇಲೆ ನೋಡಿದರೆ ಶಾಖ ತಡೆಯುವ ಹೆಂಚುಗಳ ಮೇಲೆ 300ಕ್ಕೂ ಜಾಸ್ತಿ ಪೆಟ್ಟು. ಆ ಸಲ ಟ್ಯಾಂಕಿನ ನಡುಭಾಗದಿಂದ ಉದುರಿದ್ದು ಹೊಸ ಫೋಮೇ. ಮೇಲೇರುವಾಗ ಅದರೊಳಗಿನ ಪುಟ್ಟ ಗುಳ್ಳೆಗಳು ಬಿಸಿಯಾಗಿ, ಅರಳು ಸಿಡಿದ ಹಾಗೆ ಚೂರು ಚೂರಾಗಿ ಹಾರುತ್ತಿತ್ತು. ಎಂಜಿನಿಯರುಗಳು ಫೋಮಿಗೆ ಸೂಜಿಯಷ್ಟು ಸಣ್ಣ ತೂತು ಚುಚ್ಚಿ ಗಾಳಿ ಹೊರಹೋಗಲು ದಾರಿ ಮಾಡಿದರು. ಉದುರುವುದು ಬಹಳ ಕಡಿಮೆಯಾಯಿತು. ಹೊಸದು ಹಾಕಿದವರ ಮೇಲೆ ಎಲ್ಲರ ಕಣ್ಣಿತ್ತು, ಹಾಗಾಗಿ ರೋಗ ಸಿಕ್ಕಿತು. ಹಳೇ ದಿಣ್ಣೆಯನ್ನು ಅಷ್ಟು ಗಟ್ಟಿಯಾಗಿ ಯಾರೂ ಕೇಳಲಿಲ್ಲ. ಅಪಘಾತದ ಮೇಲೆ ಆ ದಿಣ್ಣೆಯನ್ನೇ ತೆಗೆದು, ಐಸ್ ಕಟ್ಟದಂತೆ ಹೀಟರ್ ಕೂರಿಸಿದರು.

ಪರಿಸರವೋ ಜೀವವೋ ಅಂತ ಎರಡರಲ್ಲಿ ಒಂದನ್ನು ಆರಿಸುವ ಪ್ರಸಂಗ ಬರುವುದು ಅಪರೂಪ. ಆ ಒಪ್ಪಂದದಲ್ಲೇ ತೀರಾ ಅಗತ್ಯ ಇದ್ದವರಿಗೆ ಕಿಟಕಿ ಬಿಟ್ಟಿದ್ದರು. ಅಸ್ತಮಾ ಇನ್ಹೇಲರ್‌ಗಳಿಗೆ ಬೇರೆ ಗ್ಯಾಸ್ ಸಿಗುವ ತನಕ ಸಿಎಫ್‌ಸಿ ಬಳಸಲು ಬಿಟ್ಟದ್ದು ಹಾಗೆಯೇ.

ಬ್ಯಾಡಗಿ ಕಡೆ ಮೆಣಸಿನಕಾಯಿ ಇಡುವ ದೊಡ್ಡ ಕೋಲ್ಡ್ ಸ್ಟೋರೇಜುಗಳನ್ನು ನೋಡಿರುತ್ತೀರಿ. ಅಂಥ ಜಾಗಗಳಲ್ಲಿ ಓಡುವುದು ಸಾಮಾನ್ಯವಾಗಿ ಅಮೋನಿಯಾ. ಓಝೋನಿಗೆ ಏನೂ ಮಾಡುವುದಿಲ್ಲ, ಮೂಗಿಗೆ ಹೊಕ್ಕರೆ ಮಾತ್ರ ಗತಿ ಕೆಟ್ಟಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಅಮೆರಿಕದ ಭಾಗವನ್ನು ತಣ್ಣಗಿಡುವುದೂ ಅಮೋನಿಯಾವೇ. ಆದರೆ ಅದರ ಪೈಪುಗಳು ಹೊರಗಡೆ. ಅಲ್ಲಿ ಜನ ಇರುವ ಕೋಣೆಗಳೊಳಗೆ ಹರಿಯುವುದು ಬರೀ ನೀರು. ನೀರಿನ ಶಾಖ ಅಮೋನಿಯಾಕ್ಕೆ ದಾಟುತ್ತದೆ, ಎರಡೂ ಬೆರೆಯುವುದಿಲ್ಲ. ಆದರೂ 2015ರ ಜನವರಿ 14ರಂದು ಅಮೋನಿಯಾ ಸೋರಿಕೆಯ ಅಲಾರಂ ಹೊಡೆಯಿತು. ಎಲ್ಲರೂ ಅಮೋನಿಯಾ ಇಲ್ಲದ ರಷ್ಯಾದ ಭಾಗಕ್ಕೆ ಹೋಗಿ ಬಾಗಿಲು ಹಾಕಿಕೊಂಡರು. ಕೊನೆಗೆ ಅದು ಸುಳ್ಳು ಅಲಾರಂ. ಆದರೆ ಓಡಿದ್ದು ಸರಿಯೇ.

ನಿಮ್ಮ ಆರ್-600ಎಗೂ ಇದೇ ಲೆಕ್ಕ. ಮನೆ ಫ್ರಿಜ್ಜಿನಲ್ಲಿ ಅದು ಹತ್ತಾರು ಗ್ರಾಂ ಮಾತ್ರ ಇರುವುದು ಬೆಂಕಿಯ ಭಯಕ್ಕೇ. ಕಿಟಕಿ ಬಾಗಿಲು ತೆರೆದಿಡಿ. ಲೈನಿನೊಳಗಿನ ಗ್ಯಾಸನ್ನು ಪೈಪ್ ಹಾಕಿ ಹೊರಗೆ ಬಯಲಿಗೆ ಬಿಡಿ, ನೈಟ್ರೋಜನ್ ಹಾಯಿಸಿ, ಆಮೇಲೆ ಟಾರ್ಚ್ ಹಚ್ಚಿ. ಒತ್ತಿ ಕೂರಿಸುವ ಲಾಕ್‌ರಿಂಗ್ ಜಾಯಿಂಟ್ ಸಿಕ್ಕರೆ ಅದನ್ನೇ ಕಲಿಯಿರಿ. ಅದಕ್ಕೆ ಬೆಂಕಿಯೇ ಬೇಡ.