ಒಂದೇ ಭಾನುವಾರದ ಫೋಟೋಗಳು

ಜರ್ಮನಿಗೆ ಎಂ.ಎಸ್. ಓದಲು ಹೋದವರು ಆಪ್ತಸಲಹೆಗಾರ್ತಿಯಾದ ನನ್ನನ್ನು ಹುಡುಕಿಕೊಂಡು ಬರುವುದು ಹೆಚ್ಚಾಗಿ ಮಾರ್ಚ್ ತಿಂಗಳಲ್ಲಿ. ಚಳಿಗಾಲದ ಸೆಮಿಸ್ಟರಿನ ಪರೀಕ್ಷೆ ಮುಗಿದು, ಅಂಕ ಪೋರ್ಟಲ್‌ನಲ್ಲಿ ಕಾಣಿಸಿಕೊಳ್ಳುವ ಹೊತ್ತದು. ಊರು, ವಿಷಯ ಬೇರೆ ಬೇರೆ. ಒಳಗಿನ ಗಂಟು ಮಾತ್ರ ಒಂದೇ ಥರದ್ದು. ಅದಕ್ಕೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಹುಡುಗನ ಒಪ್ಪಿಗೆ ಇದೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ.

ವಯಸ್ಸು 23. ತುಮಕೂರು ಸೀಮೆಯ ತೆಂಗಿನ ತೋಟದ ಮನೆ. ಸೈಟು ಅಡವಿಟ್ಟು ತೆಗೆದ ಶಿಕ್ಷಣ ಸಾಲ. ಓದುತ್ತಿದ್ದದ್ದು ಜರ್ಮನಿಯ ಪೂರ್ವ ಭಾಗದ ಸಾಕ್ಸನಿ ರಾಜ್ಯದಲ್ಲಿ. ಬಂದದ್ದು ನಿದ್ದೆಯ ದೂರು ಹೊತ್ತು. ವಾರಕ್ಕೆ ಮೂರು ರಾತ್ರಿ ಗೋದಾಮಿನಲ್ಲಿ ಎಂಟೆಂಟು ಗಂಟೆ ಕೆಲಸ, ಬೆಳಗ್ಗೆ ಬಂದು ಮಲಗಿದರೆ ಏಳುವುದು ಮಧ್ಯಾಹ್ನ ಮೂರಕ್ಕೆ. ಅಲ್ಲಿ ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ ಎಂಟರ ಮೇಲೆ, ಮುಳುಗುವುದು ನಾಲ್ಕರ ಆಸುಪಾಸು. ಅಂದರೆ ಹುಡುಗನ ಪಾಲಿಗೆ ದಿನಕ್ಕೆ ಒಂದೇ ಗಂಟೆ ಬೆಳಕು, ಅದೂ ಪರದೆಯ ಆಚೆ. ವಿಡಿಯೋ ಕರೆಯ ಮೊದಲೆರಡು ಭೇಟಿ ಇದರಲ್ಲೇ ಕಳೆಯಿತು.

ಮೂರನೆಯ ಭೇಟಿಯಲ್ಲಿ ಮನೆಯ ಮಾತು ಎತ್ತಿದೆ. ದಿನಾ ಫೋನ್ ಮಾಡ್ತೀರಾ ಎಂದು ಕೇಳಿದಾಗ, "ಮಾಡ್ತೀನಿ ಮೇಡಂ, ಫೋಟೋನೂ ಕಳಿಸ್ತೀನಿ, ಅವರು ಖುಷಿಯಾಗೇ ಇದ್ದಾರೆ" ಎಂದ. ಯಾವ ಫೋಟೋ? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಎಲ್ಲಾ ಒಂದೇ ಭಾನುವಾರದ್ದು."

ಕ್ಲಾಸು ಶುರುವಾಗುವ ಮೊದಲು, ಅಕ್ಟೋಬರ್ ಮೊದಲ ವಾರದಲ್ಲಿ, ಗೆಳೆಯರ ಜೊತೆ ಬಾಸ್ಟೈ ಸೇತುವೆಗೆ ಹೋಗಿದ್ದ. ಡ್ರೆಸ್ಡೆನ್‌ನಿಂದ ಎಸ್-1 ರೈಲಿನಲ್ಲಿ ರಾಟೆನ್‌ವರೆಗೆ, ಅಲ್ಲಿಂದ ಎಲ್ಬೆ ನದಿಯನ್ನು ದೋಣಿಯಲ್ಲಿ ದಾಟಿ, ಬಂಡೆಗಳ ನಡುವಿನ ಮೆಟ್ಟಿಲು ಹತ್ತುವ ದಾರಿ. ಸೆಮಿಸ್ಟರ್ ಟಿಕೆಟ್ ಇದ್ದವರಿಗೆ ರೈಲಿಗೆ ಬೇರೆ ಖರ್ಚಿಲ್ಲ. ಅವತ್ತು ಬ್ಯಾಗಿನಲ್ಲಿ ಇನ್ನೊಂದು ಜಾಕೆಟ್, ಎರಡು ಟಿ-ಶರ್ಟ್ ಇತ್ತು. ಬಟ್ಟೆ ಬದಲಿಸಿ ತೆಗೆಸಿಕೊಂಡದ್ದು ಆಗ ಬರೀ ಷೋಕಿಗೆ. ನವೆಂಬರ್‌ನಿಂದ ಹದಿನೈದು ದಿನಕ್ಕೊಂದರಂತೆ ಅವನ್ನೇ ಮನೆಗೆ ಕಳಿಸತೊಡಗಿದ್ದ. ಆಮೇಲೆ ಬೇರೆಲ್ಲೂ ಹೋಗಿರಲೇ ಇಲ್ಲ.

"ಫೆಬ್ರವರಿಲಿ ಒಂದು ಕಳಿಸ್ದೆ. ಅಪ್ಪ ಫೋನಲ್ಲಿ, ಹಿಮ ಬಿದ್ದಿದೆ ಅಂದಿದ್ಯಲ್ಲೋ, ಮರದ ತುಂಬಾ ಎಲೆ ಇದೆಯಲ್ಲ ಅಂದ್ರು."

ಆಮೇಲೆ?

"ಏನಿಲ್ಲ. ಊಟ ಆಯ್ತಾ ಅಂದ್ರು."

ಹುಡುಗ ಇದನ್ನು ಹೇಳಿದ್ದು ಸಿಕ್ಕಿಬಿದ್ದ ಕಳ್ಳನ ದನಿಯಲ್ಲಿ. ಅಪ್ಪನಿಗೆ ಸಿಟ್ಟು ಬಂದಿದೆ, ಇನ್ನು ನಂಬುವುದಿಲ್ಲ ಎಂಬುದು ಅವನ ಲೆಕ್ಕ. ನಲವತ್ತು ವರ್ಷ ಗಿಡಮರದ ಜೊತೆ ಬದುಕಿದ ಮನುಷ್ಯ. ಫೆಬ್ರವರಿಯೆಂದರೆ ಊರಿನಲ್ಲಿ ಹೊಂಗೆ ಎಲೆ ಉದುರಿಸಿ ಚಿಗುರುವ ಕಾಲ. ಅವರ ಕಣ್ಣಿಗೆ ಅದು ಬೀಳದೆ ಇರುವುದೇ ಕಷ್ಟ. ಆದರೆ ನಿಮ್ಮಪ್ಪನಿಗೆ ಎಲ್ಲಾ ಗೊತ್ತು ಎಂದು ನಾನು ಹೇಳಲಿಲ್ಲ, ನನಗೇನು ಗೊತ್ತು? ಇಷ್ಟೇ ಕೇಳಿದೆ: "ಎಲೆ ನೋಡಿ ಕೇಳಿದವರು ಮುಂದಕ್ಕೆ ಕೇಳದೆ ಬಿಟ್ಟರು. ಯಾಕೆ ಬಿಟ್ಟಿರಬಹುದು?"

ಸುಮಾರು ಹೊತ್ತು ಪರದೆಯಲ್ಲಿ ತಲೆಗೂದಲಷ್ಟೇ ಕಾಣುತ್ತಿತ್ತು. "ನಾನೇ ಹೇಳ್ಲಿ ಅಂತ" ಎಂದ.

ಉಳಿದದ್ದೆಲ್ಲ ಅಲ್ಲಿಂದ ಹೊರಬಂತು. ನಾಲ್ಕು ಪರೀಕ್ಷೆಗೆ ಹೆಸರು ಕೊಟ್ಟಿದ್ದ. ಬರೆದದ್ದು ಎರಡು, ಪಾಸಾದದ್ದು ಒಂದು. ಉಳಿದೆರಡಕ್ಕೆ ಹೋಗಲೇ ಇಲ್ಲ. ಅಲ್ಲಿ 1.0 ಅತ್ಯುತ್ತಮ, 4.0ರವರೆಗೆ ಪಾಸು, 5.0 ನಪಾಸು. ಹೆಸರು ಕೊಟ್ಟು, ಗಡುವಿನೊಳಗೆ ಹಿಂತೆಗೆದುಕೊಳ್ಳದೆ, ವೈದ್ಯರ ಪ್ರಮಾಣಪತ್ರವೂ ಇಲ್ಲದೆ ಗೈರಾದರೆ ಅದೂ 5.0. ನಮ್ಮ ಕಡೆಯ ಹಾಗೆ 'ಆಬ್ಸೆಂಟ್' ಎಂದು ಬರೆದು ಸುಮ್ಮನಾಗುವುದಿಲ್ಲ, ಒಂದು ಅವಕಾಶ ಕಳೆದುಹೋಗುತ್ತದೆ. ಬಹಳಷ್ಟು ಕಡೆ ಒಂದು ವಿಷಯಕ್ಕೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ಆ ಕೋರ್ಸೇ ಮುಗಿದಂತೆ. ಹೊಸದಾಗಿ ಹೋದವರು ಎಡವುವುದು ಇಲ್ಲೇ. ಇತ್ತ ಬ್ಯಾಂಕು ಮುಂದಿನ ಕಂತು ಬಿಡಲು ಅಂಕಪಟ್ಟಿ ಕೇಳುತ್ತದೆ, ಆಗಸ್ಟಿನಲ್ಲಿ ಅದನ್ನು ಹಿಡಿದು ಕೌಂಟರಿನ ಮುಂದೆ ನಿಲ್ಲಬೇಕಾದವರು ಅಪ್ಪ. ನಿದ್ದೆ ಕೆಡಿಸಿದ್ದು ಆ ಚಿತ್ರ.

ಅವತ್ತೇ ಇನ್ನೊಂದು ಪ್ರಶ್ನೆ ಕೇಳಿದೆ: ಸಾಯುವ ಯೋಚನೆ ಬಂದಿದೆಯಾ? ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಎಂದು ಹೆದರುವವರಿದ್ದಾರೆ. ಹಾಗಾಗುವುದಿಲ್ಲ, ಕೇಳದೆ ಬಿಡುವುದೇ ಅಪಾಯ. "ಸಾಯ್ಬೇಕು ಅಂತಲ್ಲ, ಬೆಳಗ್ಗೆ ಎಚ್ಚರ ಆಗ್ದಿದ್ರೆ ಸಾಕು ಅನ್ಸುತ್ತೆ" ಎಂದ. ಈ ಮಾತು ಕೇಳಿದ ಮೇಲೆ ಬೆಂಗಳೂರಿನಿಂದ ವಿಡಿಯೋದಲ್ಲಿ ಮಾತಾಡುವ ನಾನೊಬ್ಬಳೇ ಸಾಲುವುದಿಲ್ಲ. ಕರೆ ಮುಗಿಯುವ ಮುಂಚೆ ಎರಡು ಕೆಲಸ ಮಾಡಿಸಿದೆ: ಅವನ ಮನೆವೈದ್ಯರಲ್ಲಿ ಮರುದಿನದ ಸಮಯ, ವಿದ್ಯಾರ್ಥಿ ಸೇವಾ ಸಂಸ್ಥೆಯಾದ ಸ್ಟುಡೆಂಟೆನ್‌ವೆರ್ಕ್‌ನ ಮಾನಸಿಕ ಸಲಹಾ ವಿಭಾಗಕ್ಕೆ ಮೇಲ್. ಹಾಸ್ಟೆಲು, ಕ್ಯಾಂಟೀನು ನಡೆಸುವ ಅದೇ ಸಂಸ್ಥೆ ಆಪ್ತಸಲಹೆಯನ್ನೂ ಕೊಡುತ್ತದೆ. ಸೆಮಿಸ್ಟರ್ ಶುಲ್ಕ ಕಟ್ಟುವಾಗಲೇ ಅದರ ಪಾಲೂ ಕಟ್ಟಿರುತ್ತೀರಿ, ಸಂಕೋಚ ಬೇಡ. ರಾತ್ರಿಗೆಂದು 0800 1110111 ಬರೆಸಿದೆ. ಅದು ಟೆಲಿಫೋನ್‌ಜೇಲ್‌ಜೋರ್ಗೆ ಸಹಾಯವಾಣಿ, ಉಚಿತ, ದಿನದ 24 ಗಂಟೆಯೂ ಇರುತ್ತದೆ. ಜೀವಕ್ಕೆ ಅಪಾಯ ಎನ್ನಿಸಿದರೆ 112.

ಮುಂದಿನ ವಾರ ಲೆಕ್ಕಕ್ಕೆ ಕೂತೆವು. ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ವಾರಕ್ಕೆ ಮೂರು ಪೂರ್ಣ ಪಾಳಿಯೆಂದರೆ ತಿಂಗಳಿಗೆ ಹದಿಮೂರು ದಿನ, ಜನವರಿಯಿಂದ ಎಣಿಸಿದರೆ ನವೆಂಬರ್ ಹೊತ್ತಿಗೆ ಕೋಟಾ ಖಾಲಿ. ಹುಡುಗ ದಿನ ಎಣಿಸಿಟ್ಟೇ ಇರಲಿಲ್ಲ. ವೀಸಾಕ್ಕೆಂದು ಮೊದಲೇ ದುಡ್ಡು ಕಟ್ಟಿಟ್ಟ ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 992 ಯೂರೋ ಬರುತ್ತಿತ್ತು. ಬಾಡಿಗೆ 380, ವಿಮೆ ಸುಮಾರು 140, ಊಟ 200, ಫೋನು ಮತ್ತು ಶುಲ್ಕದ ಪಾಲು 70. ಇನ್ನೂರು ಉಳಿಯುತ್ತದೆ. ಹಾಗಾದರೆ ಮೂರು ರಾತ್ರಿ ಯಾಕೆ? ಸಾಲದ ಬಡ್ಡಿಯನ್ನು ಈಗಲೇ ಕಟ್ಟಿ ಅಪ್ಪನ ಭಾರ ಇಳಿಸಲು. ಅಪ್ಪ ಅದನ್ನು ಕೇಳಿರಲೇ ಇಲ್ಲ.

ಕೊಟ್ಟ ಸಲಹೆ ಇದು. ರಾತ್ರಿ ಪಾಳಿ ನಿಲ್ಲಿಸುವುದು. ದುಡ್ಡು ಬೇಕೇ ಆದರೆ ವಿಭಾಗದಲ್ಲೇ ಸಿಗುವ 'ಹಿವಿ' ಎಂಬ ವಿದ್ಯಾರ್ಥಿ ಸಹಾಯಕರ ಕೆಲಸ ಹುಡುಕುವುದು, ಅದು 140 ದಿನದ ಲೆಕ್ಕಕ್ಕೆ ಸೇರುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಮೆನ್ಸಾದಲ್ಲಿ, ಅಂದರೆ ವಿಶ್ವವಿದ್ಯಾಲಯದ ಕ್ಯಾಂಟೀನಿನಲ್ಲಿ, ಊಟ. ರುಚಿಗಲ್ಲ, ಬೆಳಕಿನಲ್ಲಿ ನಡೆದು ಹೋಗಿ ನಾಲ್ಕು ಜನರ ಮಧ್ಯೆ ಕೂರುವುದಕ್ಕೆ. ಪರೀಕ್ಷಾ ನಿಯಮಾವಳಿಯ ಪ್ರತಿ ಹಿಡಿದು ವಿಭಾಗದ ಸಲಹೆಗಾರರ ಬಳಿ ಹೋಗುವುದು. ಬೇಸಿಗೆ ಸೆಮಿಸ್ಟರಿನಲ್ಲಿ ಹಳೆಯ ಮೂರನ್ನೂ ಹೊಸ ಐದನ್ನೂ ಒಟ್ಟಿಗೆ ಹೊರಬಾರದು, ಹಳೆಯದೆರಡು, ಹೊಸದೆರಡು ಸಾಕು. ಕೋರ್ಸು ನಾಲ್ಕರ ಬದಲು ಐದು ಸೆಮಿಸ್ಟರ್ ಆಗುತ್ತದೆ, ಹೆಚ್ಚುವರಿ ಆರು ತಿಂಗಳಿಗೆ 5,952 ಯೂರೋ ಬೇಕು. ರೂಪಾಯಿಯಲ್ಲಿ ಐದೂವರೆ ಲಕ್ಷದ ಮೇಲೆ.

ಈ ಮೊತ್ತವನ್ನೂ ಸೇರಿಸಿ ಅಪ್ಪನಿಗೆ ಹೇಳಬೇಕು ಎಂದೆ. ಭಾನುವಾರ ಅಲ್ಲಿಯ ಬೆಳಗ್ಗೆ ಹನ್ನೊಂದಕ್ಕೆ. ಆಗ ಊರಿನಲ್ಲಿ ಮೂರೂವರೆ, ಊಟ ಮುಗಿದಿರುತ್ತದೆ, ಅಳುವುದಕ್ಕೂ ಕೇಳುವುದಕ್ಕೂ ಸಂಜೆ ಬಾಕಿ ಇರುತ್ತದೆ. ಅಲ್ಲಿಯ ರಾತ್ರಿ ಒಂಬತ್ತಕ್ಕೆ ಹೇಳಿದರೆ ಊರಿನಲ್ಲಿ ಒಂದೂವರೆ, ಆ ರಾತ್ರಿ ಅವರನ್ನು ಯಾರು ನೋಡಿಕೊಳ್ಳುತ್ತಾರೆ? ತಾನೇ ಹೇಳಬೇಕು, ಅಕ್ಕನನ್ನು ಮುಂದೆ ಬಿಡಬಾರದು. ಕ್ಷಮೆಯಿಂದ ಶುರು ಮಾಡಬಾರದು, ಮೊದಲು ಕ್ಷಮೆ ಕೇಳಿದರೆ ಏನಾಯಿತೋ ಎಂದು ಎದೆ ಒಡೆಯುತ್ತದೆ. ಮೊದಲ ವಾಕ್ಯ "ನಾನು ಆರೋಗ್ಯವಾಗಿದೀನಿ, ಡಾಕ್ಟ್ರನ್ನ ನೋಡ್ತಿದೀನಿ." ಎರಡನೆಯದು ಅಂಕ. ಮೂರನೆಯದು ಮುಂದೇನು, ಎಷ್ಟು ದುಡ್ಡು. ಚೀಟಿಯಲ್ಲಿ ಬರೆದುಕೊಂಡು ಓದಿದರೂ ತಪ್ಪಿಲ್ಲ.

ಸಹೋದ್ಯೋಗಿಯೊಬ್ಬರು ಇದಕ್ಕೆ ಆಕ್ಷೇಪ ಎತ್ತಿದರು. ಆಪ್ತಸಲಹೆಗಾರರು ಹೀಗೆ ಮಾಡಿ ಎಂದು ಹೇಳುವಂತಿಲ್ಲ, ನಿರ್ಧಾರ ಬಂದವರದ್ದು. ಜೊತೆಗೆ, ದೂರದಲ್ಲಿರುವ ಹೆತ್ತವರಿಗೆ ಯಾಕೆ ಸಂಕಟ? ಮೊದಲ ಮಾತನ್ನು ಒಪ್ಪುತ್ತೇನೆ. ಫೋನ್ ಮಾಡಿದ್ದು ಅವನೇ, ಬೇಡ ಎಂದಿದ್ದರೆ ನಾನು ಒತ್ತಾಯಿಸುತ್ತಿರಲಿಲ್ಲ. ಎರಡನೆಯದನ್ನು ಒಪ್ಪಲಾರೆ. ಸುಳ್ಳು ಒಂದು ಸಲ ಹೇಳಿ ಮುಗಿಯುವ ಕೆಲಸವಲ್ಲ. ದಿನವೂ ಫೋನಿಗೆ ಮುಂಚೆ ಮುಖ ತೊಳೆದು, ಗೋಡೆಯ ಕಡೆ ಕ್ಯಾಮೆರಾ ತಿರುಗಿಸಿ, ಕಳೆದ ವಾರ ಏನು ಹೇಳಿದ್ದೆ ಎಂದು ನೆನಪು ಮಾಡಿಕೊಳ್ಳಬೇಕು. ಓದಲು ಬೇಕಾದ ಶಕ್ತಿ ಖರ್ಚಾಗುತ್ತಿದ್ದದ್ದು ಅದಕ್ಕೆ. ಎಲ್ಲ ಮನೆಗೂ ಇದೇ ಸಲಹೆ ಕೊಡುತ್ತೇನೆ ಎಂದಲ್ಲ. ಹೊಡೆಯುವ, ಹಂಗಿಸುವ ಅಪ್ಪಂದಿರೂ ಇದ್ದಾರೆ. ಇಲ್ಲಿದ್ದದ್ದು ಎಲೆ ನೋಡಿ ಸುಮ್ಮನಾದ ಅಪ್ಪ.

ಅಮ್ಮ ಅತ್ತರಂತೆ. ಅಪ್ಪ ಮೊದಲು ಕೇಳಿದ್ದು ಗೋದಾಮಿನಲ್ಲಿ ಎಷ್ಟು ಭಾರ ಎತ್ತಿಸುತ್ತಿದ್ದರು ಎಂದು. ಸಿಟ್ಟು ಬಂದದ್ದು ಮೂರನೆಯ ದಿನ, ದುಡ್ಡಿನ ವಿಷಯಕ್ಕೆ. ಎರಡು ವಾರ ಮನೆಯಲ್ಲಿ ಮಾತು ಬಿಗಿಯಾಗಿಯೇ ಇತ್ತು. ಬ್ಯಾಂಕಿಗೆ ವಿಭಾಗದಿಂದ ಪರಿಷ್ಕೃತ ಅಧ್ಯಯನ ಯೋಜನೆಯ ಪತ್ರ ತರಿಸಿಕೊಟ್ಟಿದ್ದಾರೆ, ಕಂತು ಇನ್ನೂ ಬಿಡುಗಡೆಯಾಗಿಲ್ಲ. ಜುಲೈ ಪರೀಕ್ಷೆಗಳಲ್ಲಿ ಮೂರನ್ನು ಬರೆದ. ನಾಲ್ಕನೆಯದಕ್ಕೆ ತಯಾರಿ ಸಾಲದೆಂದು ಗಡುವಿಗೆ ನಾಲ್ಕು ದಿನ ಇರುವಾಗಲೇ ಪೋರ್ಟಲ್‌ನಲ್ಲಿ ಹೆಸರು ಹಿಂತೆಗೆದುಕೊಂಡ. ಅದರ ಸ್ಕ್ರೀನ್‌ಶಾಟನ್ನು ನನಗೂ ಕಳಿಸಿದ್ದ, ಅಪ್ಪನಿಗೂ.