ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕಾರಿನಲ್ಲಿ ಸದ್ದು ಬರುತ್ತೆ, ಎಂಜಿನ್ ಬಿಚ್ಚಿಸಲೇಬೇಕಾ?

ಈಗಲೇ ಬಿಚ್ಚಿಸಬೇಡಿ. ನಿಂತಲ್ಲಿ ಎಂಜಿನ್ ಸುಮ್ಮನಿರುತ್ತೆ, ಹೊರಟು ಆಕ್ಸಿಲರೇಟರ್ ಒತ್ತಿದಾಗ ಮುಂದುಗಡೆಯಿಂದ ಕರಕರ ಸದ್ದು, ಕಾಲು ತೆಗೆದರೆ ನಿಲ್ಲುತ್ತೆ, ಗ್ಯಾರೇಜಿನವರು ಎಂಜಿನ್ ಕೆಲಸ ಅಂತಿದ್ದಾರೆ ಅಂತ ಬರೆದಿದ್ದೀರಿ. ಎಂಜಿನ್ ಕೆಲಸವೇ ಆಗಿರಬಹುದು, ಆದರೆ ಅಲ್ಲಿಗೆ ಹೋಗುವ ಮೊದಲು ನೋಡಬೇಕಾದ್ದು ಬೇಕಾದಷ್ಟಿದೆ, ಅದರಲ್ಲಿ ಅರ್ಧ ನೀವೇ ನೋಡಿಕೊಳ್ಳಬಹುದು.

ಇವತ್ತೇ ಮಾಡಬೇಕಾದ್ದು ಒಂದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ, ಎಳೆದು ಆಯಿಲ್ ಎಷ್ಟಿದೆ ನೋಡಿ. ಸದ್ದು ಒಳಗಿನಿಂದ ಸುತ್ತಿಗೆಯಲ್ಲಿ ಬಡಿದ ಹಾಗೆ ದಪ್ಪಗಿದ್ದರೆ, ಇಲ್ಲವೇ ಆಯಿಲ್ ದೀಪ ಹತ್ತಿದ್ದರೆ, ದಯವಿಟ್ಟು ಓಡಿಸಬೇಡಿ, ಟೋ ಮಾಡಿಸಿ. ಎಂಜಿನ್ ಒಳಗೆ ಪಿಸ್ಟನ್ನಿಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಸವೆದಾಗ ಸದ್ದು ಹೀಗೇ ಇರುತ್ತದೆ. ಇನ್ನೂ ಓಡಿಸಿದರೆ ಎಂಜಿನ್ನೇ ಹೋಗುತ್ತದೆ.

ಅದಲ್ಲ ಅಂತಾದರೆ, ಸದ್ದು ಎಂಜಿನ್ ವೇಗದ ಜೊತೆ ಹೋಗುತ್ತಾ, ಚಕ್ರದ ವೇಗದ ಜೊತೆ ಹೋಗುತ್ತಾ ಅಂತ ಮೊದಲು ತಿಳಿದುಕೊಳ್ಳಿ. ಖಾಲಿ ರಸ್ತೆಯಲ್ಲಿ ಗಂಟೆಗೆ 40 ಕಿಮೀ ವೇಗದಲ್ಲಿ ಮೂರನೇ ಗೇರಲ್ಲಿ ಹೋಗಿ, ಆಮೇಲೆ ಅದೇ ವೇಗದಲ್ಲಿ ಎರಡನೇ ಗೇರಿಗೆ ಬನ್ನಿ. ಚಕ್ರ ಅಷ್ಟೇ ತಿರುಗುತ್ತಿದೆ, ಎಂಜಿನ್ ಮಾತ್ರ ಜಾಸ್ತಿ ತಿರುಗುತ್ತಿದೆ ಅಲ್ವಾ? ಸದ್ದಿನ ಲಯ ಬದಲಾದರೆ ಎಂಜಿನ್, ಬೆಲ್ಟ್, ಎಕ್ಸಾಸ್ಟ್ (ಹೊಗೆ ಹೊರಹೋಗುವ ಪೈಪು) ಕಡೆ ಹುಡುಕಿ. ಬದಲಾಗದಿದ್ದರೆ ವೀಲ್ ಬೇರಿಂಗ್, ಟೈರ್, ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಕಡೆ. ಕೆಲವರು ನ್ಯೂಟ್ರಲ್‌ಗೆ ಹಾಕಿ ಎಂಜಿನ್ ಆಫ್ ಮಾಡಿ ಕೇಳಿ ಅಂತಾರೆ. ಅದನ್ನು ಮಾತ್ರ ಮಾಡಬೇಡಿ, ಸ್ಟೇರಿಂಗ್ ಬಿಗಿಯಾಗುತ್ತದೆ, ಬ್ರೇಕಿಗೆ ಸಿಗುವ ಸಹಾಯವೂ ಹೋಗುತ್ತದೆ.

ನನ್ನ ಕಾರಿನಲ್ಲೂ ಹೆಚ್ಚುಕಡಿಮೆ ಇದೇ ಸದ್ದಿತ್ತು. ಸರಿಯಾಗಿ 2000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹತ್ತಿರ ಬಂದಾಗ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಶುರುವಾಗಿ, 2500 ದಾಟಿದರೆ ಮಾಯ. ಒಂದು ಕಡೆ ಬೆಲ್ಟ್ ಬದಲಾಯಿಸಿದರು, ಇನ್ನೊಂದು ಕಡೆ ಎಂಜಿನ್ ವಾಲ್ವಿನ ಟ್ಯಾಪೆಟ್ ಸೆಟ್ ಮಾಡಿದರು, ಸದ್ದು ಇದ್ದ ಹಾಗೇ ಇತ್ತು. ಕೊನೆಗೆ ಒಂದು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಟಾರ್ಚ್ ಹಿಡಿದು ಕೆಳಗೆ ಬಗ್ಗಿ ಎಕ್ಸಾಸ್ಟ್ ಪೈಪಿನ ಉದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟುತ್ತಾ ಬಂದೆ. ಒಂದು ಜಾಗದಲ್ಲಿ ಅದೇ ಸದ್ದು, ಝಣ್ ಅಂತು. ಪೈಪಿನ ಮೇಲಿನ ಹೀಟ್ ಶೀಲ್ಡ್, ಅಂದರೆ ಬಿಸಿ ತಡೆಯುವ ತೆಳು ತಗಡು. ಬೋಲ್ಟ್ ಕೂರುವ ತೂತು ತುಕ್ಕು ತಿಂದು ಅಗಲವಾಗಿತ್ತು. ಬೋಲ್ಟ್ ಬಿಗಿಯಾಗೇ ಇತ್ತು, ತಗಡು ಮಾತ್ರ ಅದರ ಸುತ್ತ ಕುಣಿಯುತ್ತಿತ್ತು. ಅಗಲ ವಾಷರ್ ಒಂದು, ಪೈಪ್ ಸುತ್ತ ಸ್ಟೀಲಿನ ಹೋಸ್ ಕ್ಲ್ಯಾಂಪ್ ಒಂದು ಹಾಕಿದೆ. ಅವತ್ತಿನಿಂದ ಸದ್ದಿಲ್ಲ.

ಒಂದೇ ಆರ್‌ಪಿಎಂನಲ್ಲಿ ಯಾಕೆ ಬರುತ್ತಿತ್ತು ಅಂದರೆ, ಎಂಜಿನ್ನಿನ ಅದುರುವಿಕೆ ಆ ತಗಡಿನ ಸಹಜ ಕಂಪನಕ್ಕೆ ಅಲ್ಲಿ ಹೊಂದಿಕೆಯಾಗುತ್ತದೆ. ಜೊತೆಗೆ ಎಳೆತ ಬಿದ್ದಾಗ ಎಂಜಿನ್ ತನ್ನನ್ನು ಹಿಡಿದಿರುವ ಮೌಂಟ್ ಮೇಲೆ ಸ್ವಲ್ಪ ವಾಲುತ್ತದೆ, ಪೈಪೂ ಜರುಗುತ್ತದೆ. ಕಿರಿಕಿರಿ ಅಂತ ತಗಡನ್ನೇ ಕಿತ್ತು ಹಾಕುವವರಿದ್ದಾರೆ. ತಪ್ಪು. ಕಾರಿನ ತಳ, ವೈರು, ಇಂಧನದ ಪೈಪು ಎಲ್ಲವನ್ನೂ ಬಿಸಿಯಿಂದ ಕಾಯುವುದು ಅದೇ. ಮತ್ತೆ, ಕಾರು ಎತ್ತಿ ಕೆಳಗೆ ಹೋಗುವುದಾದರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಇಟ್ಟೇ ಹೋಗಿ.

ತಗಡು ಗಟ್ಟಿಯಾಗಿದ್ದರೆ ಸದ್ದಿನ ಬಗೆ ನೋಡಿ. ತಣ್ಣಗಿದ್ದಾಗ ಟಿಕ್ ಟಿಕ್ ಜೋರಾಗಿದ್ದು, ಬಿಸಿಯಾದ ಮೇಲೆ ಕಡಿಮೆಯಾದರೆ ಎಂಜಿನ್ನಿಗೆ ಎಕ್ಸಾಸ್ಟ್ ಸೇರುವ ಭಾಗದ, ಅಂದರೆ ಮ್ಯಾನಿಫೋಲ್ಡಿನ, ಗ್ಯಾಸ್ಕೆಟ್ (ಸಂದು ಮುಚ್ಚುವ ಪಟ್ಟಿ) ಲೀಕ್ ಇರಬಹುದು. ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಸಂದಿನ ಹತ್ತಿರ ಕಪ್ಪು ಮಸಿ ಇರುತ್ತದೆ. ಇದನ್ನು ಹಾಗೇ ಬಿಡಬೇಡಿ, ಆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೂ ಬರಬಹುದು.

ಪೆಟ್ರೋಲ್ ಕಾರಾಗಿದ್ದು, ಏರಿನಲ್ಲಿ ದೊಡ್ಡ ಗೇರಿನಲ್ಲಿ ಒತ್ತಿದಾಗ ಚಿಟಿಚಿಟಿ ಅಂತಿದ್ದು, ಗೇರ್ ಇಳಿಸಿದ ಕೂಡಲೇ ನಿಂತರೆ ಅದು ನಾಕಿಂಗ್. ಸಿಲಿಂಡರಿನಲ್ಲಿ ಇಂಧನದ ಒಂದಷ್ಟು ಭಾಗ ತಾನಾಗೇ ಹೊತ್ತಿಕೊಳ್ಳುತ್ತಿದೆ ಅಂತ ಅರ್ಥ. ಕಾರಿನ ಪುಸ್ತಕದಲ್ಲಿ ಹೇಳಿದ ಆಕ್ಟೇನಿನ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) ಪೆಟ್ರೋಲ್ ಹಾಕಿಸಿ ನೋಡಿ. ಆಮೇಲೂ ಇದ್ದರೆ ಕಾರ್ಬನ್ ಕೂತಿರಬಹುದು, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಅಥವಾ ನಾಕಿಂಗ್ ಗುರುತಿಸುವ ನಾಕ್ ಸೆನ್ಸರ್ ತೊಂದರೆಯೂ ಇರಬಹುದು.

ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟ ಕಟ ಅಂದರೆ ಹೊರಗಿನ ಸಿವಿ ಜಾಯಿಂಟ್ (ಡ್ರೈವ್ ಶಾಫ್ಟ್ ಚಕ್ರಕ್ಕೆ ಸೇರುವ ಕೀಲು), ಚಕ್ರದ ಹಿಂದಿನ ರಬ್ಬರ್ ಬೂಟ್ ಹರಿದು ಗ್ರೀಸ್ ಚಿಮ್ಮಿದೆಯಾ ನೋಡಿ. ಹೊರಡುವಾಗ ಒಂದೇ ಸಲ ದಡ್ ಅಂದರೆ ಎಂಜಿನ್ ಮೌಂಟ್.

ಗ್ಯಾರೇಜಿಗೆ ಹೋದಾಗ ಬಾಯಲ್ಲಿ ವಿವರಿಸುವುದರ ಬದಲು ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ, ಸದ್ದು ಬರಿಸಿ ತೋರಿಸಿ. ಯಾವ ಗೇರು, ಎಷ್ಟು ಆರ್‌ಪಿಎಂ, ತಣ್ಣಗಿದ್ದಾಗಲಾ ಬಿಸಿಯಾದ ಮೇಲಾ ಅಂತ ಇಲ್ಲೂ ಬರೆಯಿರಿ, ಮುಂದೆ ಏನು ನೋಡಬೇಕು ಅಂತ ಹೇಳುತ್ತೇನೆ.