ಮನೆಲೆಕ್ಕ: ಕೋಣೆಗೆ ನೂರು ಸಾಲದೇನ್ರಿ?

ಹೋದ ಸಂಚಿಕೆಯಲ್ಲಿ ದಿನಬಾಡಿಗೆ ಮನೆಗಳ ಮುಂಗಡದ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಂಗಡದ ಸುದ್ದಿ ಒಂದೆರಡರಲ್ಲಿ ಮಾತ್ರ, ಉಳಿದವೆಲ್ಲ ಕಸಬರಿಗೆಯ ಸುದ್ದಿ: ಸ್ವಚ್ಛ ಮಾಡುವವರಿಗೆ ಕೂಲಿ ಎಷ್ಟು, ಅತಿಥಿಗಳಿಗೆ ಅದರ ಫೀ ಎಷ್ಟು. ಹೊಸ ಓದುಗರಿಗೆ ಹೇಳಿಬಿಡುತ್ತೇನೆ: ನಾನು ಬಳ್ಳಾರಿಯ ಒಂದು ಲಾಡ್ಜಿನಲ್ಲಿ ಏಳು ವರ್ಷ ಹಾಸಿಗೆ ಬದಲಿಸಿದವಳು, ಆಮೇಲೆ ನಾಲ್ಕು ವರ್ಷ ಬದಲಿಸುವವರ ಮೇಲೆ ಮೇಸ್ತ್ರಿಕೆ ಮಾಡಿದವಳು. ಈಗ ಆನೆಗೊಂದಿಯಲ್ಲಿ ಎರಡು ಕೋಣೆ ಬಾಡಿಗೆಗೆ ಕೊಡುತ್ತೇನೆ. ಎರಡೂ ಕಡೆಯ ಬೈಗುಳ ಬಲ್ಲೆ.

ಪ್ರಶ್ನೆ: ಸಾಣಾಪುರದಲ್ಲಿ ನನ್ನದು ಮೂರು ಕೋಣೆಯ ಹೋಮ್‌ಸ್ಟೇ. ಕೋಣೆಗೆ ರಾತ್ರಿಗೆ 1,800 ರೂಪಾಯಿ. ಆ್ಯಪ್‌ನಲ್ಲಿ ಕ್ಲೀನಿಂಗ್ ಫೀ ಅಂತ ಕೋಣೆಗೆ 800 ಹಾಕಿದ್ದೇನೆ. ಸ್ವಚ್ಛ ಮಾಡುವ ಹೆಂಗಸಿಗೆ ಕೋಣೆಗೆ 100 ಕೊಡುತ್ತೇನೆ. ಆಗಸ್ಟ್ 15ರ ರಜೆಗೆ ಮೂರೂ ಕೋಣೆ ತುಂಬಿದ್ದಾಗ ಆಕೆ ಹೇಳದೆ ಕೇಳದೆ ನಾಟಿಗೆ ಹೋದಳು. ಇತ್ತ ‘ಒಂದು ರಾತ್ರಿಗೆ 800 ಯಾಕೆ’ ಅಂತ ಬಂದವರು ರಿವ್ಯೂ ಬರೆಯುತ್ತಿದ್ದಾರೆ. ಫೀ ಇಳಿಸಲೋ, ಆಕೆಯನ್ನು ಬದಲಿಸಲೋ?

ಫೀ ಇಳಿಸಿ. ಆಕೆಯನ್ನು ಬದಲಿಸಬೇಡಿ. ಬದಲಿಗೆ ಬಂದಾಕೆಯೂ ಮುಂದಿನ ಶ್ರಾವಣಕ್ಕೆ ನಾಟಿಗೇ ಹೋಗುತ್ತಾಳೆ.

ಗಂಗಾವತಿ ಸೀಮೆಯಲ್ಲಿ ಹೆಣ್ಣಾಳಿನ ಕೂಲಿ ಗೊತ್ತುಮಾಡುವುದು ನಾವು ಹೋಮ್‌ಸ್ಟೇದವರಲ್ಲ, ಭತ್ತ. ಕಾಲುವೆಗೆ ನೀರು ಬಿಟ್ಟರೆಂದರೆ ಹೆಂಗಸರು ಗುಂಪು ಕಟ್ಟಿಕೊಂಡು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುತ್ತಾರೆ, ಬೆಳಗಾಗುವುದರೊಳಗೆ ಟಂಟಂ ಆಟೊ ಹತ್ತಿರುತ್ತಾರೆ. ನನ್ನ ಕೋಣೆ ನೋಡಿಕೊಳ್ಳುವಾಕೆ ಎರಡು ವರ್ಷದ ಹಿಂದೆ ನನ್ನ ಮುಖಕ್ಕೇ ಹೇಳಿದಳು: “ಅಕ್ಕಾ, ನಾಟಿಗೆ ಹೋದ್ರ ಸಂಜಿಗೆ ಐನೂರು ಕೈಯಾಗ ಬೀಳ್ತಾವು. ನಿಮ್ಮಲ್ಲಿ ಹನ್ನೊಂದಕ್ಕ ಬರಬೇಕು, ಎರಡಕ್ಕ ಬಿಡ್ತೀರಿ. ಮುಂಜಾನಿನೂ ಹೋತು, ಮಧ್ಯಾಹ್ನನೂ ಹೋತು. ಇನ್ನೂರು ರೂಪಾಯಿಗೆ ನನ್ನ ಒಂದು ದಿನ ತಗೊಂಡ್ರಿ.” ನಾನು ಅಲ್ಲಿಯವರೆಗೆ ಹಿಡಿದಿದ್ದು ಆಕೆ ಗುಡಿಸಿದ ಹೊತ್ತಿನ ಲೆಕ್ಕ. ಕಳೆದುಕೊಂಡ ಹೊತ್ತಿನ ಲೆಕ್ಕ ಹಿಡಿದದ್ದು ಆಕೆಯೇ.

ಅವತ್ತಿನಿಂದ ಗೋಡೆ ಗಡಿಯಾರ ನೋಡಿ ನೋಟುಬುಕ್ಕಿನಲ್ಲಿ ಬರೆಯತೊಡಗಿದೆ. ಬಚ್ಚಲು ಒಳಗೇ ಇರುವ ಒಂದು ಕೋಣೆಗೆ ಸಾಮಾನ್ಯ ದಿನ 50 ನಿಮಿಷ. ಮಂದಿ ಕೆರೆಗೆ ಹೋಗಿ ಒದ್ದೆ ಬಟ್ಟೆಯಲ್ಲೇ ಹಾಸಿಗೆ ಮೇಲೆ ಕೂತಿದ್ದರೆ ಒಂದೂಕಾಲು ತಾಸು. ಹೋಳಿ ಮಾರನೆಯ ದಿನ ಎರಡು ತಾಸು, ಆದರೂ ಟೈಲ್ಸ್ ಸಂದಿಯಲ್ಲಿ ಗುಲಾಬಿ ಬಣ್ಣ ಉಗಾದಿವರೆಗೂ ಇರುತ್ತದೆ. ಅಂಗಳ, ಮೆಟ್ಟಿಲು, ಕಸದ ಬುಟ್ಟಿಗೆ ಇಪ್ಪತ್ತು ನಿಮಿಷ ಬೇರೆ. ನೀವೂ ಒಂದು ತಿಂಗಳು ಹೀಗೆ ಬರೆದಿಡಿ, ನನ್ನ ಅಂಕಿ ನಂಬಬೇಕಿಲ್ಲ.

ಈಗ ಕೂಲಿ. ಉದ್ಯೋಗ ಖಾತ್ರಿಯಲ್ಲಿ ನಮ್ಮ ರಾಜ್ಯಕ್ಕೆ 2024ರ ಏಪ್ರಿಲ್‌ನಿಂದ ದಿನಕ್ಕೆ 349 ರೂಪಾಯಿ ಇತ್ತು, 2025ರ ಏಪ್ರಿಲ್‌ನಿಂದ 370 ಆಯಿತು. ಹೂಳೆತ್ತಿದರೂ ಸಿಗುವ ದುಡ್ಡು ಅದು. ಅದಕ್ಕಿಂತ ಕೆಳಗೆ ಮಾತಾಡಲು ನಮಗೆ ಮುಖವಿಲ್ಲ. ಮೇಲಿನ ಗೆರೆ ನಾಟಿಯ 500. ನಮ್ಮ ಕೆಲಸ ಅರ್ಧ ದಿನ ನುಂಗುತ್ತದೆ, ಹಾಗಾಗಿ ಬಂದದ್ದಕ್ಕೇ 250 ಅಂತ ಗೊತ್ತುಮಾಡಿದೆ. ಅದರಲ್ಲಿ ಎರಡು ಕೋಣೆ ಮತ್ತು ಅಂಗಳ ಬಂತು. ಒಂದೇ ಕೋಣೆ ಇದ್ದರೂ 250. ನಿಮ್ಮ ಹಾಗೆ ಮೂರನೆಯದಿದ್ದರೆ ಅದಕ್ಕೆ 120 ಸೇರಿಸಿ. ನಾಟಿಯ ಒಂದೂವರೆ ತಿಂಗಳು ಇನ್ನೂ 50 ಏರಿಸಿ, ಎಷ್ಟು ಹೊತ್ತಿಗೆ ಬರಲಿ ಅಂತ ಆಕೆಯನ್ನೇ ಕೇಳಿ. ನಮ್ಮಾಕೆ ಆ ದಿನಗಳಲ್ಲಿ ಗದ್ದೆಯಿಂದ ಬಂದ ಮೇಲೆ ನಾಲ್ಕಕ್ಕೆ ಬರುತ್ತಾಳೆ. ಹೊಸ ಅತಿಥಿಗಳಿಗೆ ಐದಕ್ಕೆ ಬನ್ನಿ ಎಂದು ಮೊದಲೇ ಬರೆದಿಡುತ್ತೇನೆ. ಯಾರೂ ಜಗಳವಾಡಿಲ್ಲ. ಆ ಹೊತ್ತಿಗೆ ಅವರು ಅಂಜನಾದ್ರಿ ಹತ್ತಿ ಇಳಿದು ಸುಸ್ತಾಗಿ ಯಾವುದೋ ಬಂಡೆ ನೆರಳಲ್ಲಿ ಕೂತಿರುತ್ತಾರೆ.

ಫೀ ಲೆಕ್ಕ ಇದಾದ ಮೇಲೆ. ಎರಡು ಕೋಣೆ ಖಾಲಿಯಾದ ದಿನ ಒಂದಕ್ಕೆ ಕೂಲಿ 125. ಚಾದರ, ಹೊದಿಕೆ, ಎರಡು ದಿಂಬಿನ ಚೀಲ, ಎರಡು ಟವೆಲ್ ಸೇರಿ ಆರು ಬಟ್ಟೆ. ನಮ್ಮ ಅಗಸರು ಒಂದಕ್ಕೆ 12ರಂತೆ ತೆಗೆದುಕೊಳ್ಳುತ್ತಾರೆ, 72 ಆಯಿತು. ಫಿನಾಯಿಲ್, ಸೋಪು, ಬಚ್ಚಲ ದ್ರಾವಣಕ್ಕೆ 25. ಬಟ್ಟೆ ಸವೆತಕ್ಕೆ 18 ಹಿಡಿದಿದ್ದೇನೆ, 1,400ರ ಒಂದು ಸೆಟ್ಟು ಎಂಬತ್ತು ಒಗೆತಕ್ಕೆ ಮುಗಿಯುತ್ತದೆ. ಒಟ್ಟು 240. ಒಂದೇ ಕೋಣೆ ಖಾಲಿಯಾದ ದಿನ 365. ನೀವು 300 ಅಂತ ಹಾಕಿದರೆ, ಏರ್‌ಬಿಎನ್‌ಬಿ ಎಂಬ ಬುಕಿಂಗ್ ಆ್ಯಪ್‌ನವರು ಮಾಲೀಕರಿಂದ ಶೇ 3 ಹಿಡಿಯುವ ಪದ್ಧತಿಯಲ್ಲಿ ಅದು ಕ್ಲೀನಿಂಗ್ ಫೀ ಮೇಲೂ ಬೀಳುವುದರಿಂದ ಕೈಗೆ 291 ಬರುತ್ತದೆ. ಒಂಟಿ ಕೋಣೆಯ ದಿನ 74 ಹೋಗುತ್ತದೆ, ಜೋಡಿ ಕೋಣೆಯ ದಿನ 102 ಬರುತ್ತದೆ. ವರ್ಷದ ಲೆಕ್ಕಕ್ಕೆ ಸರಿಹೋಗುತ್ತದೆ.

ನಿಮ್ಮ 800ರಲ್ಲಿ ಸ್ವಚ್ಛತೆಯ ಖರ್ಚು ಅರ್ಧವೂ ಇಲ್ಲ, ಉಳಿದದ್ದು ಬಾಡಿಗೆಯೇ. ಬಾಡಿಗೆಯನ್ನು ಬಾಡಿಗೆ ಅಂತಲೇ ಕೇಳಿ. ಈ ಫೀ ರಾತ್ರಿಗೊಂದಲ್ಲ, ತಂಗಿದ್ದಕ್ಕೆ ಒಂದು ಸಲ. ನಾಲ್ಕು ರಾತ್ರಿ ಇರುವವನಿಗೆ 800 ಅಂದರೆ ರಾತ್ರಿಗೆ 200, ಅವನು ಗೊಣಗುವುದಿಲ್ಲ. ನಮ್ಮಲ್ಲಿಗೆ ಬರುವವರು ಹೆಚ್ಚಿನವರು ಶನಿವಾರ ಬಂದು ಭಾನುವಾರ ಹೋಗುವವರು. ಅವರಿಗೆ 1,800ರ ಕೋಣೆ 2,600 ಆಗಿ ಕಾಣುತ್ತದೆ. 2025ರ ಏಪ್ರಿಲ್‌ನಿಂದ ಆ ಆ್ಯಪ್ ಹುಡುಕುವಾಗಲೇ ಫೀ ಸೇರಿಸಿದ ಒಟ್ಟು ದರ ತೋರಿಸುತ್ತಿದೆ, ಹಾಗಾಗಿ ಕೋಣೆ ದರ ಕಡಿಮೆ ಇಟ್ಟು ಫೀ ಏರಿಸುವ ಹಳೆಯ ಜಾಣತನವೂ ಈಗ ನಡೆಯದು. ನಾನಂತೂ ಫೀ ತೆಗೆದೇ ಹಾಕಿದೆ, ಕೋಣೆ ದರಕ್ಕೆ 150 ಸೇರಿಸಿದೆ. ನಮ್ಮಲ್ಲಿ ಸರಾಸರಿ ಎರಡು ರಾತ್ರಿ ಉಳಿಯುತ್ತಾರೆ, ಅದೇ 300 ಬಂತು.

ಇನ್ನೊಂದು ಮಾತು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ತುಂಗಭದ್ರೆಯ ನಡುಗಡ್ಡೆ ವಿರೂಪಾಪುರ ಗಡ್ಡಿಯ ರೆಸಾರ್ಟ್‌ಗಳನ್ನು ಕೆಡವಿದಾಗ ಅಲ್ಲಿ ಕೋಣೆ ನೋಡಿಕೊಳ್ಳುತ್ತಿದ್ದ ನನ್ನ ಪರಿಚಯದ ಇಬ್ಬರು ಗದ್ದೆಗೆ ಮರಳಿದರು. ಚಾದರದ ಮೂಲೆ ಹೇಗೆ ಮಡಚಬೇಕೆಂದು ಅವರಿಗೆ ಕಲಿಸಬೇಕಿಲ್ಲ. ಇಂಥವರು ನಿಮ್ಮ ಊರಲ್ಲೂ ಇದ್ದಾರೆ. ಅವರು ನಿಮ್ಮ ಬಾಗಿಲಿಗೆ ಬಾರದಿದ್ದರೆ ಕಾರಣ ಆ ನೂರು ರೂಪಾಯಿ.

ಪ್ರಶ್ನೆ: ರಾಯಚೂರಿನಲ್ಲಿ ಎರಡು ಬೆಡ್‌ರೂಮಿನ ಇಡೀ ಮನೆಯನ್ನು ದಿನಬಾಡಿಗೆಗೆ ಕೊಡುತ್ತೇನೆ. ಮಂತ್ರಾಲಯಕ್ಕೆ ಹೋಗುವ ಕುಟುಂಬಗಳು ಎಂಟು ಜನ ಬಂದು ಒಂದು ರಾತ್ರಿ ಮಲಗಿ ಹೋಗುತ್ತವೆ. ಶಕ್ತಿನಗರದ ಕೆಲಸಕ್ಕೆ ಬರುವ ಎಂಜಿನಿಯರ್ ಒಬ್ಬನೇ ಹನ್ನೆರಡು ದಿನ ಇರುತ್ತಾನೆ. ಇಬ್ಬರಿಗೂ ಫೀ 600. ಇದು ಸರಿಯೇ? ಒಂದು ರಾತ್ರಿಯವರಿಗೆ ಕಡಿಮೆ ಮಾಡಬಹುದು ಎನ್ನುತ್ತಾರೆ.

ಆ್ಯಪ್‌ನಲ್ಲಿ ಒಂದೆರಡು ರಾತ್ರಿಯವರಿಗೆ ಬೇರೆ, ಕಡಿಮೆ ಫೀ ಇಡುವ ಅವಕಾಶ ಇದೆ, ನಿಜ. ನಿಮ್ಮ ಮನೆಗೆ ಅದು ಒಗ್ಗದು. ಎಂಟು ಜನ ಒಂದು ರಾತ್ರಿ ಇದ್ದು ಹೋದರೆ ಎಂಟು ಹೊದಿಕೆ, ಎಂಟು ಟವೆಲ್, ಪುಳಿಯೋಗರೆಯ ಎಣ್ಣೆ ಹತ್ತಿದ ತಟ್ಟೆ, ಬಚ್ಚಲಲ್ಲಿ ಕೂದಲು, ಬಾಗಿಲ ಹಿಂದೆ ಯಾರೋ ಮರೆತ ಮಗುವಿನ ಚಡ್ಡಿ. ಆ ಎಂಜಿನಿಯರ್ ಹನ್ನೆರಡು ದಿನ ಬಳಸುವುದು ಒಂದು ಮಂಚ, ಒಂದು ಲೋಟ. ಕೊಳೆ ರಾತ್ರಿಗಳ ಲೆಕ್ಕದಲ್ಲಿ ಬೆಳೆಯುವುದಿಲ್ಲ, ತಲೆಗಳ ಲೆಕ್ಕದಲ್ಲಿ ಬೆಳೆಯುತ್ತದೆ. ನಾಲ್ಕು ಜನರವರೆಗೆ 600 ಇರಲಿ. ಐದನೆಯವರಿಂದ ತಲೆಗೆ ಇಷ್ಟು ಅಂತ ಹೆಚ್ಚುವರಿ ಅತಿಥಿ ದರ ಹಾಕಿ, ಅದರಲ್ಲಿ ಅರ್ಧ ಸ್ವಚ್ಛ ಮಾಡುವವರಿಗೆ ಅಂತ ಎತ್ತಿಡಿ. ರಾಯರ ಆರಾಧನೆಯ ವಾರದಲ್ಲಿ ಇಬ್ಬರನ್ನು ಕರೆಯಿರಿ. ಒಬ್ಬಾಕೆಯ ಕೈಲಿ ನಾಲ್ಕು ತಾಸಿನ ಕೆಲಸವನ್ನು ಎರಡು ತಾಸಿಗೆ ತೆಗೆಸಿದರೆ ಹಾಳಾಗುವುದು ಆಕೆಯ ಸೊಂಟ.

ಹನ್ನೆರಡು ದಿನದವನಿಗೆ ನಡುವೆ ಎರಡು ಸಲ ಸ್ವಚ್ಛ ಮಾಡಿಸುತ್ತೀರಿ ಅಂದುಕೊಂಡಿದ್ದೇನೆ. ಆ ಎರಡಕ್ಕೂ ಪೂರ್ತಿ ಕೂಲಿ ಕೊಡಿ. ‘ಒಬ್ಬನೇ ಇದಾನ, ಸುಮ್ನ ಒಂದ್ಸಲ ಕಸಾ ಹೊಡದು ಹೋಗು’ ಎನ್ನುವವರನ್ನು ಕಂಡಿದ್ದೇನೆ. ಹೇಳಿದ್ದು ನಾನೇ ಆಗಿದ್ದ ದಿನಗಳೂ ಇವೆ.

ನಿಮ್ಮ ಪತ್ರದ ಕೊನೆಯಲ್ಲಿ ನಲ್ಲಿಯ ಉಪ್ಪಿನ ಕಲೆಗೆ ಆಸಿಡ್ ಕೊಟ್ಟಿದ್ದೇನೆ, ಜೊತೆಗೆ ಬ್ಲೀಚಿಂಗ್ ಪುಡಿಯನ್ನೂ ಹಾಕಲು ಹೇಳಿದ್ದೇನೆ ಅಂತ ಬರೆದಿದ್ದೀರಿ. ಈ ಕ್ಷಣವೇ ನಿಲ್ಲಿಸಿ. ಬಚ್ಚಲು ತೊಳೆಯುವ ಆಸಿಡ್ಡೂ ಬ್ಲೀಚಿಂಗ್ ಪುಡಿಯೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಲಾಡ್ಜಿನಲ್ಲಿ ಕಿಟಕಿಯಿಲ್ಲದ ಬಚ್ಚಲಲ್ಲಿ ನಾನು ಅವೆರಡನ್ನೂ ಸುರಿದು ಬಾಗಿಲು ಹಾಕಿಕೊಂಡು ಉಜ್ಜಿದ್ದೆ. ಕಣ್ಣು ಉರಿದು, ಎದೆ ಹಿಡಿದು, ಹೊರಗೆ ಬಂದು ಕಾರಿಡಾರಿನಲ್ಲಿ ಕುಕ್ಕರಿಸಿದೆ. ಮಾಲೀಕರು ಬಂದು ಕೇಳಿದ್ದು ‘205 ರೆಡಿ ಆತೇನು?’ ಅಂತ. ಉಪ್ಪಿನ ಕಲೆಗೆ ವಿನಿಗರ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ತಾಸು ಬಿಡಿ, ಸಾಕು. ಅದನ್ನೂ ಬ್ಲೀಚಿಂಗ್ ಪುಡಿಯ ಹತ್ತಿರ ತರಬೇಡಿ. ರಬ್ಬರ್ ಕೈಗವಸು ನಿಮ್ಮ ಖರ್ಚಿನಲ್ಲಿ ತನ್ನಿ.

ಪ್ರಶ್ನೆ: ನಾವು ಬಳ್ಳಾರಿಯವರು. ಅಮ್ಮ ಎರಡು ಬಾಡಿಗೆ ಫ್ಲ್ಯಾಟ್ ಸ್ವಚ್ಛ ಮಾಡುತ್ತಾಳೆ. ನಾನು ಆ್ಯಪ್‌ನಲ್ಲಿ ನೋಡಿದೆ, ಕ್ಲೀನಿಂಗ್ ಫೀ 700 ಅಂತ ಇದೆ. ಅಮ್ಮನಿಗೆ ಕೊಡುವುದು 200. ಬುಕಿಂಗ್ ರದ್ದಾದರೆ ಅದೂ ಇಲ್ಲ, ಒಮ್ಮೆ ಬಂದವರು ದೂರು ಕೊಟ್ಟರೆಂದು ಹಿಡಿದುಕೊಂಡರು. 700 ಪೂರ್ತಿ ಅಮ್ಮನದಲ್ಲವೇ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪೂರ್ತಿ 700 ಅಮ್ಮನದಲ್ಲ ಮಗಳೇ. ಮೇಲೆ ಬರೆದ ಹಾಗೆ ಅದರಲ್ಲಿ ಅಗಸರದ್ದಿದೆ, ಸೋಪಿನದಿದೆ, ಚಾದರದ್ದಿದೆ, ಆ್ಯಪ್‌ನವರದ್ದಿದೆ. ಆದರೆ ಇವನ್ನೆಲ್ಲ ಕಳೆದ ಮೇಲೂ 200ಕ್ಕೆ ಇಳಿಯುವುದಿಲ್ಲ. ಒಂದು ಪ್ರಶ್ನೆ ಅಮ್ಮನನ್ನು ಕೇಳು: ಚಾದರ ಒಗೆಯುವವರು ಯಾರು? ಮನೆಗೆ ತಂದು ಅಮ್ಮನೇ ಒಗೆಯುತ್ತಿದ್ದರೆ ಅಗಸರ ಪಾಲೂ ಅವಳದೇ.

ಬಳ್ಳಾರಿಯ ಹುಡುಗಿ ನೀನು, ಜೀನ್ಸ್ ಹೊಲಿಯುವವರ ಪೀಸ್ ಲೆಕ್ಕ ನಿನ್ನ ಓಣಿಯಲ್ಲೇ ಕಂಡಿರುತ್ತೀ. ಅಮ್ಮನದೂ ಪೀಸ್ ಲೆಕ್ಕವೇ, ಪ್ಯಾಂಟಿನ ಬದಲು ಫ್ಲ್ಯಾಟು. ಪೀಸ್ ಲೆಕ್ಕದಲ್ಲಿ ಕೊಟ್ಟರೂ ಸಮಯದ ಲೆಕ್ಕದ ಕನಿಷ್ಠ ಕೂಲಿಗಿಂತ ಕೆಳಗೆ ಇಳಿಯಬಾರದು ಎಂಬ ಮಾತು 1948ರ ಕನಿಷ್ಠ ವೇತನ ಕಾಯ್ದೆಯಲ್ಲಿತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಮನೆಗೆಲಸದವರಿಗೂ ಕನಿಷ್ಠ ಕೂಲಿ ಇದೆಯೆಂದು ನಮ್ಮ ರಾಜ್ಯ 2004ರಲ್ಲೇ ಒಪ್ಪಿದೆ. ಈಗಿನ ದರದ ಪಟ್ಟಿ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಸಿಗುತ್ತದೆ, ಹೋಗಿ ಕೇಳಿ ಬಾ. ಅಮ್ಮನ ಹೆಸರು ಅಸಂಘಟಿತ ಕಾರ್ಮಿಕರ ಇ-ಶ್ರಮ ನೋಂದಣಿಯಲ್ಲಿ ಇಲ್ಲದಿದ್ದರೆ ಅದನ್ನೂ ಮಾಡಿಸು, ದುಡ್ಡು ಕೊಡಬೇಕಿಲ್ಲ.

ಆದರೆ ಕಾನೂನು ಹಿಡಿದು ಮಾತು ಶುರು ಮಾಡಬೇಡ. ನಾಳೆಯಿಂದ ಬರಬೇಡ ಅಂದುಬಿಟ್ಟರೆ ಮನೆ ನಡೆಯಬೇಕಲ್ಲ. ಅಮ್ಮನೇ ಹೋಗಿ ಮೂರು ಮಾತು ಕೇಳಲಿ. ಒಂದು ಫ್ಲ್ಯಾಟಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಹೇಳಿ 350 ಕೇಳಲಿ, 300ಕ್ಕೆ ಒಪ್ಪಲಿ. ಹಿಂದಿನ ರಾತ್ರಿ ಎಂಟರ ಮೇಲೆ ರದ್ದಾದರೆ ಅರ್ಧ ಕೂಲಿ. ರದ್ದು ಮಾಡಿದವರಿಂದ ಮಾಲೀಕರಿಗೆ ದುಡ್ಡು ಬಂದಿದ್ದರೆ ಪೂರ್ತಿ ಕೂಲಿ. ದೂರಿನ ಮಾತು ಸೂಕ್ಷ್ಮ. ಮುಗಿಸಿದ ಮೇಲೆ ಬಚ್ಚಲು, ಅಡುಗೆಮನೆ, ಹಾಸಿಗೆಯ ಫೋಟೊ ತೆಗೆದು ಮಾಲೀಕರ ವಾಟ್ಸ್‌ಆ್ಯಪ್‌ಗೆ ಹಾಕಲಿ. ದೂರು ಬಂದರೆ ಹೋಗಿ ಸರಿಮಾಡಿ ಬರುತ್ತೇನೆ ಅನ್ನಲಿ, ಕೂಲಿ ಹಿಡಿಯುವುದಕ್ಕೆ ಒಪ್ಪದಿರಲಿ. ಮೇಸ್ತ್ರಿಕೆಯ ನಾಲ್ಕು ವರ್ಷದಲ್ಲಿ ನಾನೂ ಹೀಗೆ ಹಲವರ ಕೂಲಿ ಹಿಡಿದಿದ್ದೇನೆ. ಒಮ್ಮೆ ‘ದಿಂಬಿನಡಿ ಕೂದಲು’ ಅಂತ ದೂರು ಬಂತು, ಐವತ್ತು ಕಡಿದೆ. ಸಂಜೆ ಗೊತ್ತಾಯಿತು, ಅದು ದೂರು ಕೊಟ್ಟ ಹೆಂಗಸಿನದೇ ಮೆಹೆಂದಿ ಹಚ್ಚಿದ ಕೂದಲು. ಐವತ್ತನ್ನು ವಾಪಸು ಕೊಡಲು ಹೋದರೆ ಆ ಹುಡುಗಿ ಕೆಲಸ ಬಿಟ್ಟು ಹೋಗಿದ್ದಳು.

ಪ್ರಶ್ನೆ: ಕೊಪ್ಪಳದಿಂದ ಬರೆಯುತ್ತಿದ್ದೇನೆ. ಹೋಗುವಾಗ ಚಾದರ ತೆಗೆದು, ಪಾತ್ರೆ ತೊಳೆದು ಹೋಗಿ ಅಂತ ಅತಿಥಿಗಳಿಗೆ ಬೋರ್ಡ್ ಹಾಕಬಹುದೇ? ಹಾಗೆಯೇ ಸ್ವಚ್ಛ ಮಾಡುವವರಿಗೆ ಅಂತ ಟಿಪ್ ಡಬ್ಬಿ ಇಡಬಹುದೇ?

ಫೀ ತೆಗೆದುಕೊಂಡಿದ್ದರೆ ಬೋರ್ಡ್ ಬೇಡ. ಫ್ಯಾನು ಆರಿಸಿ, ಕಸ ಬುಟ್ಟಿಗೆ ಹಾಕಿ, ಬೀಗದ ಕೈ ಕೊಡಿ, ಅಷ್ಟೇ ಕೇಳಿ. ಡಬ್ಬಿ ಇಡಿ, ಆದರೆ ಅದರ ದುಡ್ಡನ್ನು ಕೂಲಿಯಲ್ಲಿ ಮುರಿದುಕೊಳ್ಳಬೇಡಿ. ಡಬ್ಬಿಗೆ ಬೀಗ ಹಾಕಿ ಕೀಲಿಯನ್ನು ಅವರ ಕೈಗೇ ಕೊಟ್ಟುಬಿಡಿ.